ಮೇಳದ ಕರಕುಶಲ ಸ್ಪರ್ಧೆಗೆ ಕೌದಿ, ಕ್ರೋಷಾ ಕೊಡೋರು ಏನೇನ್ ನೋಡ್ಕೋಬೇಕು? (ಕಲಬುರಗಿ)

ಆಳಂದ_ಸೂಜಿದಾರ
ನಮಸ್ಕಾರ್ರಿ ಎಲ್ಲಾರಿಗೂ. ಮೇಳದ ಸ್ಪರ್ಧೆಗೆ ಎರಡು ಸಾಮಾನು ಕೊಡ್ಬೇಕಂತ ಅದ. ಒಂದು ಕೌದಿ, 3 ಅಡಿ ಅಗಲ 6 ಅಡಿ ಉದ್ದ, ಐದು ಪದರ, ಹಳೇ ಕಾಟನ್ ಸೀರಿದು. ಇನ್ನೊಂದು ಕ್ರೋಷಾದ ದುಂಡನ ಟೇಬಲ್ ಹಾಸು, 20 ನಂಬರ್ ದಾರ. ಒಪ್ಪಿಸ್ಲಕ್ಕ 12 ದಿನ ಉಳಿದಾವ. ಅರ್ಜಿದಾಗ ಮೂರು ಷರತ್ತು ಅವ: "ಸಂಪೂರ್ಣ ಕೈಕೆಲಸ", "ಕಳೆದ 12 ತಿಂಗಳಲ್ಲಿ ತಯಾರಿಸಿದ್ದು", "ಒಂದು ವಿಭಾಗಕ್ಕೆ ಒಂದೇ ವಸ್ತು". ಕೌದಿಯ ದಡಿ ಮಷೀನ್‌ದಾಗ ಹೊಲ್ದದ್ದು. ನಟ್ಟನಡುವ ಕೆಳಗಿನ ಪದರ ಅಂಗೈಯಷ್ಟು ಉಬ್ಬ್ಯಾದ. ಹಾಸಿನ ಅಂಚೂ ಅಲೆ ಅಲೆ ಏಳ್ತದ. ಏನ್ ಸರಿ ಮಾಡ್ಕೋಬೇಕು, ಏನ್ ಬಿಡಬೇಕು, ತಿಳಿದವ್ರು ಹೇಳ್ರಿ.

ಅರ್ಜಿ_ಕಾಕಾ
ಮೊದಲು ಅರ್ಜಿ, ಆಮೇಲೆ ಸೂಜಿ. ಸ್ಪರ್ಧೆಗಳಲ್ಲಿ ಒಳ್ಳೆಯ ಕೆಲಸ ಹೊರಗೆ ಬೀಳುವುದು ಹೊಲಿಗೆಯ ತಪ್ಪಿಗಲ್ಲ, ಷರತ್ತು ಓದದ ತಪ್ಪಿಗೆ.

"ಸಂಪೂರ್ಣ ಕೈಕೆಲಸ" ಎಂದು ಅಚ್ಚಾಗಿದ್ದರೆ ದಡಿಯ ಮಷೀನ್ ಹೊಲಿಗೆ ನಿಮ್ಮನ್ನು ಸಾಲಿನಿಂದ ಆಚೆ ಹಾಕಲು ಸಾಕು. "ಕೈಕೆಲಸ" ಎಂದಷ್ಟೇ ಇದ್ದರೆ ವಾದಕ್ಕೆ ಜಾಗ ಇತ್ತು. "ಸಂಪೂರ್ಣ" ಸೇರಿದ ಮೇಲೆ ಇಲ್ಲ. ಸಂಘಟಕರು ಫೋನಿನಲ್ಲಿ "ನಡೀತದ ಬಿಡ್ರಿ" ಅಂದರೂ ನಂಬಬೇಡಿ, ತೀರ್ಪು ಕೊಡುವವರು ಬೇರೆ ಇರುತ್ತಾರೆ. ವಾಟ್ಸ್ಯಾಪ್‌ನಲ್ಲಿ ಪ್ರಶ್ನೆ ಬರೆದು ಬರಹದಲ್ಲೇ ಉತ್ತರ ತೆಗೆದುಕೊಳ್ಳಿ.

12 ತಿಂಗಳು ಅಂದರೆ ಶುರು ಮಾಡಿದ ದಿನದಿಂದಲೋ ಮುಗಿಸಿದ ದಿನದಿಂದಲೋ, ಅದನ್ನೂ ಕೇಳಿ. ಕೌದಿಗೆ ಹಳೆ ಸೀರೆ ಬಳಸಿದ್ದು ತೊಂದರೆಯಲ್ಲ, ಹೊಲಿಗೆಯ ಕಾಲ ಮುಖ್ಯ. ಇನ್ನೊಂದು: ಇಬ್ಬರು ಮೂವರು ಕೂತು ಹೊಲಿದ ಕೌದಿಯನ್ನು ಒಬ್ಬರ ಹೆಸರಲ್ಲಿ ಕೊಡಬೇಡಿ. ಸಂಘದ ಹೆಸರಿನ ಅಥವಾ ಗುಂಪಿನ ವಿಭಾಗ ಇದ್ದರೆ ಅಲ್ಲಿ ಕೊಡಿ. ಒಂದೇ ಕೌದಿಯಲ್ಲಿ ಎರಡು ಕೈ ಓಡಾಡಿದ್ದು ಹೊಲಿಗೆಯ ಅಂತರದಲ್ಲೇ ಗೊತ್ತಾಗುತ್ತದೆ. ಬಲಗೈಯವರು ಮತ್ತು ಎಡಗೈಯವರು ಸೇರಿದ್ದರಂತೂ ಹೊಲಿಗೆಯ ಓರೆಯೇ ಬದಲಾಗುತ್ತದೆ.

ಕೌದಿಯಕ್ಕ
ಕಾಕಾ ಹೇಳಿದ್ದು ಖರೆ. ದಡಿ ಬಿಚ್ಚಿ ಕೈಲೆ ಹೊಲೀರಿ, 12 ದಿನ ಸಾಕಾಗ್ತದ. ಲೆಕ್ಕ ನೋಡ್ರಿ: ಸುತ್ತಳತಿ 18 ಅಡಿ. ತಾಸಿಗಿ 2 ಅಡಿ ತುರಪಿ ಹಿಡುದ್ರ 9 ತಾಸು. ದಿನಕ್ಕ ಎರಡು ತಾಸು ಕೂತ್ರ ಐದು ದಿನದಾಗ ಮುಗೀತದ.

ಬಿಚ್ಚೋವಾಗ ದಾರ ಜಗ್ಗಬ್ಯಾಡ್ರಿ. ನಾಕು ಹೊಲಗಿಗಿ ಒಂದ್ಸಲ ಬ್ಲೇಡಿನ ತುದೀಲೆ ಕತ್ತರಿಸ್ರಿ, ಹಿಂದಿನಿಂದ ದಾರ ತಾನೇ ಬರ್ತದ. ಮಷೀನ್ ಸೂಜಿಯ ತೂತು ಉಳೀತಾವಲ್ಲ, ಕಾಟನ್ ಇದ್ರ ನೀರು ಚಿಮುಕಿಸಿ ಉಗುರಿಲೆ ಅತ್ತಿತ್ತ ತೀಡ್ರಿ, ಎಳಿ ಸರದು ತೂತು ಮುಚ್ತದ. ಪಾಲಿಯೆಸ್ಟರ್ ದಡಿ ಇದ್ರ ಮುಚ್ಚೂದಿಲ್ಲ, ಹೊಸ ದಡಿಪಟ್ಟಿನೇ ಹಾಕ್ಬೇಕು. ಪಟ್ಟಿ ಎರಡೂವರೆ ಇಂಚು ಅಗಲ ಕತ್ತರಿಸ್ರಿ. ಮುಂದ ಅರ್ಧ ಇಂಚು ಕಾಣ್ಬೇಕು, ಹಿಂದನೂ ಅಷ್ಟೇ, ಉಳಿದದ್ದು ಮಡಿಕಿಗಿ ಮತ್ತ ಕೌದಿಯ ದಪ್ಪಕ್ಕ ಹೋಗ್ತದ. ಮೂಲಿದಾಗ ಪಟ್ಟಿ ಕತ್ತರಿಸಬ್ಯಾಡ್ರಿ, 45 ಡಿಗ್ರಿ ಓರೆ ಮಡಚಿ ಮಡಿಕಿ ಮ್ಯಾಲನೂ ಎರಡು ಟಾಕಿ ಹಾಕ್ರಿ. ಮೂಲಿ ಬಾಯಿ ಬಿಟ್ಟಿದ್ರ ನೋಡಿದವ್ರ ಬೆರಳು ಮೊದಲ ಅಲ್ಲೇ ಹೋಗ್ತದ.

ಈಗ ಉಬ್ಬಿನ ಮಾತು. ಇದು ಕೌದಿಗಿ ಹುಟ್ಟಿನಿಂದನೇ ಬಂದ ರೋಗ. ನಾವು ಹೊರಗಿನ ಅಂಚಿನಿಂದ ಸುತ್ತ ಸುತ್ತ ಹೊಲೀತಾ ಒಳಗ ಬರ್ತೀವಿ. ಒಂದೊಂದು ಸುತ್ತೂ ಕೆಳಗಿನ ಪದರ ಒಂದೀಟು ಒಂದೀಟು ಒಳಗ ದಬ್ತದ. ಕೊನಿಗಿ ಸಡಲ ಎಲ್ಲಾ ನಡುವ ಬಂದು ಕೂಡ್ತದ. ಕಚ್ಚಾ ಹೊಲಗಿ (ಪದರ ಸರೀದಂಗ ಮೊದಲ ಹಾಕಿ ಆಮ್ಯಾಲ ಬಿಚ್ಚೋ ಹೊಲಗಿ) ಗಟ್ಟಿ ಇಲ್ದಿದ್ರ ಹಿಂಗೇ ಆಗ್ತದ. ಕೆಳಗಿನ ಪದರ ನೆಲದ ಮ್ಯಾಲ ಬಿಗಿ ಹಾಸಿ, ನಾಕೂ ಮೂಲಿಗಿ ಕಲ್ಲಿಟ್ಟು, ಉಳಿದ ಪದರ ಒಂದರ ಮ್ಯಾಲ ಒಂದು ಕೈ ಸವರಿ ಹಾಸ್ಬೇಕು. ಕಚ್ಚಾ ಹೊಲಗಿ ಮಾತ್ರ ನಡುವಿನಿಂದ ಶುರು ಮಾಡ್ಬೇಕು: ಮೊದಲ ಅಡ್ಡ, ಉದ್ದ, ಆಮ್ಯಾಲ ಮೂಲಿಯಿಂದ ಮೂಲಿಗಿ, ಆಮ್ಯಾಲ ಗೇಣಿಗೊಂದು ಸಾಲು. ಪಕ್ಕಾ ಹೊಲಗಿ ಹೊರಗಿನಿಂದ ಬಂದ್ರೂ ಆಗ ಪದರ ಸರಿಯೂದಿಲ್ಲ.

ನಿಮ್ಮದು ಹೊಲ್ದು ಮುಗದದ. ಇಸ್ತ್ರಿ ಹೊಡದು ಉಬ್ಬು ಕೂಡಸ್ತೀನಂದ್ರ ಆಗೂದಿಲ್ಲ, ಉಬ್ಬು ಮಡಿಕಿಯಾಗಿ ಇನ್ನೂ ಎದ್ದು ಕಾಣ್ತದ. ಒಳಗಿನ ಕೊನೀ ನಾಕೈದು ಸುತ್ತು ಬಿಚ್ಚ್ರಿ. ಕೌದಿ ತಿರುವಿ ಹಾಕಿ, ಕೆಳಗಿನ ಪದರ ನಡುವಿನಿಂದ ಹೊರಗ ಸವರಿ, ಬಂದ ಸಡಲನ್ನ ನಾಕೂ ಕಡಿ ಹಂಚ್ರಿ. ಎರಡು ಬೆರಳಿಗೊಂದು ಕಚ್ಚಾ ಟಾಕಿ ಹಾಕಿ ಮತ್ತ ಹೊಲೀರಿ. ಆದ್ರೂ ಸಡಲ ಉಳೀತಂದ್ರ ಇನ್ನ ಎರಡು ಸುತ್ತು ಬಿಚ್ಚ್ರಿ, ಒಂದೇ ಕಡಿ ಕಟ್ಟಿಹಾಕ್ಲಕ್ಕ ಹೋಗಬ್ಯಾಡ್ರಿ.

ದಾರ ಎರಡು ಮೊಳಕ್ಕಿಂತ ಉದ್ದ ತಗೋಬ್ಯಾಡ್ರಿ. ಉದ್ದ ದಾರ ಬಟ್ಟಿ ಒಳಗಿಂದ ನೂರು ಸಲ ಹಾದು ಸವೀತದ, ಜುಂಗು ಏಳ್ತದ, ಕೊನೀ ಸಾಲು ಮಾಸಲು ಕಾಣ್ತದ. ಗಂಟು ಪದರದ ನಡುವ ಹೋಗ್ಬೇಕು. ಹಿಂದ ಗಂಟು ಕಂಡ್ರ ಅಂಕ ಹೋಯ್ತು.

ಶಹಾಪುರದಾಂವ
ಒಂದಿಂಚಿಗಿ ಎಷ್ಟು ಟಾಕಿ ಇರ್ಬೇಕ್ರಿ? ಹತ್ತು ಬೇಕಂತ ಕೆಲವ್ರು ಅಂತಾರ.

ಕೌದಿಯಕ್ಕ
ಐದು ಪದರದ ಕೌದಿಗಿ ಹತ್ತು ಯಾರ ಕೈಲೂ ಆಗೂದಿಲ್ಲ, ಆದ್ರೂ ಕೌದಿ ಹಲಗಿ ಆಗ್ತದ. ಮ್ಯಾಲಿನ ಕಡಿ ನಾಕರಿಂದ ಐದು ಇದ್ರ ಛಲೋ. ಎಣಿಕಿಗಿಂತ ಸಮ ಮುಖ್ಯ: ಒಂದು ಕಡಿ ಆರು, ಇನ್ನೊಂದು ಕಡಿ ಮೂರು ಇದ್ರ ಅದು ಕಣ್ಣಿಗಿ ಹೊಡೀತದ. ಸಾಲಿನಿಂದ ಸಾಲಿಗಿ ಅಂತರನೂ ಹಂಗೇ, ಅರ್ಧ ಇಂಚು ಹಿಡುದ್ರ ಕಡೀತನ ಅರ್ಧ ಇಂಚೇ. ಹಿಂದಿನ ಟಾಕಿ ಮುಂದಿನಕಿಂತ ಸಣ್ಣ ಇರ್ತಾವ, ಅದು ತಪ್ಪಲ್ಲ. ಹಿಂದ ಟಾಕಿನೇ ಇಲ್ದ ಜಾಗ ಇದ್ರ ಸೂಜಿ ಕೆಳಗಿನ ಪದರ ಹಿಡಿದಿಲ್ಲ ಅಂತ ಅರ್ಥ. ಅಂಥಾ ಟಾಕಿ ಬಿಚ್ಚಿ ಹಾಕ್ಲೇಬೇಕು.

ಅರ್ಜಿ_ಕಾಕಾ
ಅಳತೆಯ ಬಗ್ಗೆ ಒಂದು ಮಾತು. ಅರ್ಜಿಯಲ್ಲಿ 3×6 ಬರೆದು ಕೌದಿ 2 ಅಡಿ 10 ಇಂಚು ಬಂದರೆ ಅದೂ ಆಕ್ಷೇಪಣೆಯೇ. ಹೊಲಿದ ಮೇಲೆ ಪದರ ಕುಗ್ಗುತ್ತದೆ, ಒಗೆದರೆ ಇನ್ನೂ ಕುಗ್ಗುತ್ತದೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ: 36×72 ಇಂಚಿಗೆ ಕರ್ಣ ಸುಮಾರು ಎಂಬತ್ತೂವರೆ ಇಂಚು ಬರಬೇಕು. ಎರಡರ ನಡುವೆ ಒಂದಿಂಚಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ನೇತುಹಾಕಿದಾಗ ಸೊಟ್ಟ ಕಾಣುತ್ತದೆ. ದಡಿ ಹೇಗೂ ಬಿಚ್ಚುತ್ತಿದ್ದೀರಿ, ಆಗಲೇ ಉದ್ದನೆಯ ಮೂಲೆ ತುಸು ಕತ್ತರಿಸಿ ಸರಿಮಾಡಿ.

ಶಹಾಪುರದಾಂವ
ಕೆಂಪು ಸೀರಿ ಬಣ್ಣ ಬಿಟ್ಟೀತು, ಕೊಡೂದ್ಕಿಂತ ಮೊದಲ ಉಪ್ಪಿನ ನೀರಾಗ ಅದ್ದಿ ತಗೀರಿ. ಬಣ್ಣ ಕಟ್ತದ.

ಬೀದರ್_ತಾರಕಸಿ
ಉಪ್ಪಿನಿಂದ ಬಣ್ಣ ಕಟ್ಟುವುದಿಲ್ಲ ಅಣ್ಣಾವ್ರೇ. ಬಣ್ಣ ಹಾಕುವ ಬಾನಿಯಲ್ಲಿ ಉಪ್ಪಿಗೆ ಕೆಲಸ ಇದೆ: ನೀರಿನಲ್ಲಿರುವ ಬಣ್ಣವನ್ನು ನೂಲಿನ ಕಡೆ ದಬ್ಬುತ್ತದೆ. ಬಣ್ಣ ಹಾಕಿ ಮುಗಿದ ಸೀರೆಯಲ್ಲಿ ಸಡಿಲ ಉಳಿದಿದ್ದನ್ನು ಉಪ್ಪಾಗಲಿ ಶಿರ್ಕಾ (ವಿನೆಗರ್) ಆಗಲಿ ಹಿಡಿದಿಡಲಾರದು. ಮೊದಲು ಪರೀಕ್ಷೆ ಮಾಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಕೆಂಪು ಚೌಕದ ಮೇಲಿಟ್ಟು ಭಾರ ಹೇರಿ ಅರ್ಧ ತಾಸು ಬಿಡಿ. ಬಿಳಿಗೆ ಬಣ್ಣ ಹತ್ತಿದರೆ ಆ ಕೌದಿಗೆ ಈಗ ನೀರೇ ಬೇಡ. ನೆರಳಲ್ಲಿ ಒಣ ಹಾಕಿ, ದೂಳು ಝಾಡಿಸಿ, ಮೃದು ಬ್ರಶ್‌ನಿಂದ ಸವರಿ ಕೊಟ್ಟುಬಿಡಿ. ಈಗಾಗಲೇ ಒಗೆದು ಬಣ್ಣ ಪಕ್ಕದ ಚೌಕಕ್ಕೆ ಹರಿದಿದ್ದರೆ ಒಣಗಲು ಬಿಡಬೇಡಿ. ದೊಡ್ಡ ಬಾನಿ ತುಂಬ ನೀರಲ್ಲಿ, ನೀರು ಬದಲಿಸುತ್ತಾ ಜಾಲಾಡಿಸಿ. ಒಮ್ಮೆ ಒಣಗಿತೆಂದರೆ ಕಲೆ ಕೂತುಬಿಡುತ್ತದೆ. ಮುಂದಿನ ಕೌದಿಗೆ ಪ್ರತಿ ಸೀರೆಯನ್ನೂ ಬೇರೆ ಬೇರೆ ಎರಡು ಸಲ ಒಗೆದು ಆಮೇಲೆ ಕತ್ತರಿಸಿ. ಕಾಟನ್ ಜೊತೆ ನೈಲಾನ್, ಪಾಲಿಯೆಸ್ಟರ್ ಬೆರೆಸಬೇಡಿ. ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಚೌಕದ ಸುತ್ತ ನೆರಿಗೆ ಬೀಳುತ್ತದೆ.

ಖಾಂಬ_ಸರಪಳಿ
ಕ್ರೋಷಾದ ಪ್ರಶ್ನೆ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ.

ಅಂಚು ಅಲೆ ಏಳುವುದೆಂದರೆ ಒಂದೊಂದು ಸುತ್ತಿನಲ್ಲಿ ಕಣ್ಣು (ಹೆಣಿಗೆಯ ಕುಣಿಕೆ) ಹೆಚ್ಚಾಗಿವೆ. ಬಟ್ಟಲಿನಂತೆ ಮೇಲೆದ್ದರೆ ಕಡಿಮೆಯಾಗಿವೆ. ಬರೀ ಖಾಂಬದ (ಸೂಜಿಗೆ ಒಮ್ಮೆ ದಾರ ಸುತ್ತಿ ಹಾಕುವ ಉದ್ದ ಕಣ್ಣು) ದುಂಡನೆಯ ಹಾಸಿಗೆ ಪ್ರತಿ ಸುತ್ತಿಗೆ 12 ಹೆಚ್ಚಬೇಕು: 12, 24, 36, 48. ಗಿಡ್ಡ ಖಾಂಬವಾದರೆ (ದಾರ ಸುತ್ತದೆ ಹಾಕುವುದು) 6. ಸರಪಳಿ ಕಮಾನಿನ ಡಿಸೈನ್ ಆದರೆ ಕಮಾನಿನ ಸರಪಳಿ ಎಣಿಸಿ. ಐದರ ಜಾಗದಲ್ಲಿ ಆರು ಹಾಕಿದ್ದರೆ ಕೊನೆಯ ಸುತ್ತು ನೆರಿಗೆ ಲಂಗದಂತಾಗುತ್ತದೆ. ಅಲೆ ಸಣ್ಣದಿದ್ದರೆ ಎಳೆದು ಪಿನ್ನು ಹೊಡೆದರೆ ಕೂರುತ್ತದೆ. ಬೆರಳು ದಪ್ಪದ ಅಲೆ ಇದ್ದರೆ ಪಿನ್ನು ತೆಗೆದ ಮರುದಿನ ಮತ್ತೆ ಏಳುತ್ತದೆ, ಆ ಸುತ್ತುಗಳನ್ನು ಬಿಚ್ಚುವುದೇ ದಾರಿ. 20 ನಂಬರ್ ದಾರಕ್ಕೆ 1 ಅಥವಾ 1.25 ಮಿ.ಮೀ. ಸೂಜಿ ಸರಿ. ಬಿಚ್ಚಿ ಹಾಕುವಾಗ ಹಳೆಯ ಸೂಜಿಯನ್ನೇ ಹಿಡಿಯಿರಿ, ಇಲ್ಲದಿದ್ದರೆ ಹೊರಗಿನ ಸುತ್ತು ಬೇರೆಯೇ ಕಾಣುತ್ತದೆ. ದಾರ ಸಾಲದೆ ಹೊಸ ಉಂಡೆ ತರುವಂತಿದ್ದರೆ ಚೀಟಿಯ ಮೇಲಿನ ಲಾಟ್ ನಂಬರ್ ಹೊಂದಿಸಿ. ಬಿಳಿಯಲ್ಲೂ ನೂರೆಂಟು ಬಿಳಿ ಇವೆ.

ಪಿನ್ನು ಹೊಡೆಯುವ ಕ್ರಮ: ದಪ್ಪ ಥರ್ಮಾಕೋಲ್ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಪೆನ್ಸಿಲ್‌ನಿಂದ ಬೇಕಾದ ಅಳತೆಯ ವೃತ್ತ, ಅದರಲ್ಲಿ 12 ಭಾಗ. ಪೆನ್ನಿನಲ್ಲಿ ಗೆರೆ ಎಳೆದರೆ ಶಾಯಿ ದಾರಕ್ಕೆ ಹತ್ತುತ್ತದೆ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಹಾಸನ್ನು ತೋಯಿಸಿ, ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆಯಿರಿ, ಹಿಂಡಬೇಡಿ. ಮೊದಲು ನಡುವಿಗೆ ಪಿನ್ನು, ಆಮೇಲೆ ಎದುರು ಬದುರು ನಾಲ್ಕು, ಆಮೇಲೆ ಎಂಟು, ಆಮೇಲೆ ಪ್ರತಿ ಕಮಾನಿಗೂ. ಸ್ಟೀಲ್ ಪಿನ್ನೇ ಇರಲಿ. ತುಕ್ಕಿನ ಚುಕ್ಕೆ ಬಿದ್ದರೆ ಹಾಸು ಕೆಟ್ಟಂತೆ.

ಗಂಜಿಗೆ ಸಬ್ಬಕ್ಕಿ ಒಳ್ಳೆಯದು: ಒಂದು ದೊಡ್ಡ ಚಮಚ, ಎರಡು ಲೋಟ ನೀರು, ಕಾಳು ಕಾಣದಷ್ಟು ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಮೈದಾ ಗಂಜಿ ಕಡು ಬಣ್ಣದ ಮೇಲೆ ಬಿಳಿ ಪುಡಿ ಬಿಡುತ್ತದೆ. ಗಂಜಿ ಗಟ್ಟಿಯಾದಷ್ಟೂ ನಮ್ಮ ಒಣ ಬಿಸಿಲಿಗೆ ಹಾಸು ಹಪ್ಪಳವಾಗುತ್ತದೆ, ಮಡಚಿದ ಕಡೆ ಬಿಳಿ ಗೆರೆ ಉಳಿಯುತ್ತದೆ. ಆದ್ದರಿಂದ ತೆಳು ಗಂಜಿ, ಮಡಚದೆ ರಟ್ಟಿನ ಮೇಲೆ ಚಪ್ಪಟೆ ಇಟ್ಟು ಸಾಗಿಸುವುದು. ಇರುವೆಗಳಿಗೂ ಗಂಜಿ ಇಷ್ಟ, ಡಬ್ಬಿ ನೆಲದ ಮೇಲೆ ಇಡಬೇಡಿ.

ದಾರದ ತುದಿಯನ್ನು ಗಂಟು ಹಾಕಿ ಕತ್ತರಿಸಬೇಡಿ. ಎರಡಿಂಚು ಒಂದು ದಿಕ್ಕಿಗೆ, ಅರ್ಧ ಇಂಚು ತಿರುಗಿ ವಾಪಸ್ ಹಾಯಿಸಿ ಕತ್ತರಿಸಿ. ಹಾಸನ್ನು ತಿರುವಿದಾಗ ಯಾವ ಬದಿ ಮುಂದೆ ಎಂದು ತಕ್ಷಣ ಗೊತ್ತಾಗಬಾರದು.

ತಾಂಡಾ_ಕನ್ನಡಿ
ಕೌದಿ ಮ್ಯಾಲ ಕನ್ನಡಿ ಬಿಲ್ಲಿ, ಕವಡಿ ಹಚ್ಚೋರಿಗೂ ಹೇಳ್ತೀನಿ, ಲಂಬಾಣಿ ಕಸೂತಿ ಕೊಡೋರಿಗೂ. ಬಿಲ್ಲಿ ಗೋಂದಿಲೆ ಅಂಟಿಸಿ ಸುತ್ತ ದಾರ ಹೊಲ್ದದ್ದು ಬೆರಳಿಟ್ಟು ನೂಕಿದ್ರ ತಿಳೀತದ, ಅಲುಗೂದೇ ಇಲ್ಲ. ಹೊಲ್ದ ಬಿಲ್ಲಿ ಕೂದಲೆಳಿಯಷ್ಟು ಅಲುಗ್ತದ. ಮೊದಲ ಎರಡು ಎಳಿ ಅಡ್ಡ, ಎರಡು ಎಳಿ ಉದ್ದ, ನಡುವ ಚೌಕ ಬರ್ಬೇಕು. ಎಳಿ ಬಿಲ್ಲಿಯ ಅಂಚಿಗಿ ಕೂತ್ರ ಬಿಲ್ಲಿ ಜಾರ್ತದ, ಅಂಚಿನಿಂದ ಮೂರನೇ ಒಂದು ಪಾಲು ಒಳಗ ಇರ್ಲಿ. ಆಮ್ಯಾಲ ಆ ಎಳಿ ಹಿಡಕೊಂಡು ಸುತ್ತ ಕಾಜಾ ಹೊಲಗಿ.

ಅರ್ಜಿದಾಗ "ಸಂಡೂರು ಲಂಬಾಣಿ ಕಸೂತಿ" ಅಂತ ಬರೀಬ್ಯಾಡ್ರಿ. ಆ ಹೆಸರಿಗಿ ಭೌಗೋಳಿಕ ಗುರುತು ಅದ, ಅದು ಬಳ್ಳಾರಿ ಕಡಿ ಸಂಡೂರಿನದು. ಕಲಬುರಗಿ ತಾಂಡಾದ ಕೆಲಸಕ್ಕ "ಲಂಬಾಣಿ ಕಸೂತಿ, ಇಂಥಾ ತಾಂಡಾ" ಅಂತ ಬರದ್ರ ಸರಿ. ಹೊಲಗಿಯ ಹೆಸರು ಗೊತ್ತಿದ್ರ ಅದನ್ನೂ ಬರೀರಿ: ಕಿಲಾಣ್, ವೇಲೆ, ಮಾಕಿ, ನಾಕ್ರಾ, ಯಾವುದು ಹಾಕೀರೋ ಅದು. ಬರೇ "ಕಸೂತಿ" ಅಂದ್ರ ಧಾರವಾಡ ಕಡಿ ಎಳಿ ಎಣಿಸಿ ಹಾಕೋ ಕಸೂತಿ ಅಂತ ತಿಳ್ಕೊಂಡು ಬ್ಯಾರೆ ವಿಭಾಗಕ್ಕ ತಳ್ತಾರ.

ಹುಮನಾಬಾದ್_ನಾಕಾ
ಬಿದ್ರಿ ಕಲೀಲಕ್ಕತ್ತೋರು ಹೊಸಬರ ವಿಭಾಗಕ್ಕ ಸಣ್ಣ ಡಬ್ಬಿ ಕೊಟ್ರ ನಡೀತದೇನ್ರಿ? ಎರಕ ಬ್ಯಾರೆಯವ್ರು ಹೊಯ್ದದ್ದು, ಬೆಳ್ಳಿ ಕೆಲಸ ಅಷ್ಟೇ ಸ್ವಂತದ್ದು.

ಬೀದರ್_ತಾರಕಸಿ
ಬಿದ್ರಿಯಲ್ಲಿ ಎರಕ, ಕೆತ್ತನೆ, ಬೆಳ್ಳಿ ಕೂರಿಸುವುದು (ತಂತಿಯದಾದರೆ ತಾರಕಸಿ), ಮೆರುಗು ಬೇರೆ ಬೇರೆ ಕೈಗಳಲ್ಲಿ ನಡೆಯುವುದು ಹಳೆಯ ಪದ್ಧತಿ. ಕೊಡಬಹುದು, ಆದರೆ ಅರ್ಜಿಯಲ್ಲಿ "ಕೆತ್ತನೆ ಮತ್ತು ತಾರಕಸಿ ಸ್ವಂತ, ಎರಕ ಕಾರ್ಖಾನೆಯದು" ಎಂದು ಸ್ಪಷ್ಟ ಬರೆಯಿರಿ. ಮುಚ್ಚಿಟ್ಟರೆ ಅದೇ ತಪ್ಪಾಗುತ್ತದೆ.

ತಿಳಿದವರು ಇದರಲ್ಲಿ ನೋಡುವುದು ಮೂರು ಜಾಗ. ಒಂದು, ತಂತಿಯ ತುದಿ. ಕಲಮ್‌ನಿಂದ ಕೊರೆದ ಗೆರೆಯ ಆಳ ತುದಿಯಲ್ಲಿ ಕಡಿಮೆಯಾದರೆ ಬೆಳ್ಳಿ ಮೇಲೆದ್ದು ಬಟ್ಟೆಗೆ ಸಿಕ್ಕುತ್ತದೆ. ಹತ್ತಿಯ ಉಂಡೆ ಮೈಮೇಲೆ ಸವರಿ ನೋಡಿ, ಎಳೆ ಸಿಕ್ಕಿಕೊಂಡ ಕಡೆ ತಂತಿ ಎದ್ದಿದೆ. ಎರಡು, ಎರಕದ ಸಣ್ಣ ತೂತು. ಸತು 16 ಪಾಲಿಗೆ ತಾಮ್ರ 1 ಪಾಲು ಬೆರೆತ ಈ ಲೋಹದಲ್ಲಿ ಗಾಳಿ ಸಿಕ್ಕಿಕೊಂಡರೆ ಗುಂಡುಪಿನ್ನಿನ ತಲೆಯಷ್ಟು ತೂತು ಉಳಿಯುತ್ತದೆ. ಅದನ್ನು ಕೆತ್ತನೆಗೆ ಮೊದಲೇ ನೋಡಿ ಬಿಡಬೇಕು. ಮೂರು, ಕಪ್ಪು. ಮೈಲುತುತ್ತದ ನೀರು ಹಚ್ಚಿ ಬರುವ ಕಪ್ಪು ಬರೀ ಕೆತ್ತನೆಯ ಗೆರೆ ಕಾಣಲಿಕ್ಕೆ, ಉಜ್ಜಿದರೆ ಹೋಗುತ್ತದೆ. ನಿಜವಾದ ಕಪ್ಪು ಬರುವುದು ಕೊನೆಗೆ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಿಂದ, ವಸ್ತು ಬೆಚ್ಚಗಿರುವಾಗ. ಮೈಮೇಲೆ ಎಣ್ಣೆ ಬೆರಳಿನ ಗುರುತು ಉಳಿದಿದ್ದರೆ ಅಷ್ಟು ಜಾಗ ಬೂದು ಆಗುತ್ತದೆ. ಮೆರುಗಿನ ನಂತರ ಬರಿಗೈಲಿ ಮುಟ್ಟಬೇಡಿ.

ಒಪ್ಪಿಸುವ ದಿನ ಒಂದು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ. ಎಣ್ಣೆ ಉಳಿದರೆ ಮೇಜಿನ ಬಟ್ಟೆಗೆ ಕಲೆ, ಮೇಲೆ ದೂಳು. ಹುಣಸೆಹಣ್ಣು, ಪಾತ್ರೆ ಪುಡಿ, ಬೆಳ್ಳಿ ತೊಳೆಯುವ ದ್ರಾವಣ ಯಾವುದೂ ಬೇಡ, ಬೆಳ್ಳಿ ಹೊಳೆಯುತ್ತದೆ, ಕಪ್ಪು ಸಾಯುತ್ತದೆ. ಪ್ಯಾಕಿಂಗಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನ ಗಂಧಕ ಬೆಳ್ಳಿಯ ಮೇಲೆ ಕಂದು ಗೆರೆ ಎಳೆದಂತೆ ಕೂರುತ್ತದೆ. ಹಳೆಯ ಮಲ್‌ಮಲ್ ಬಟ್ಟೆ ಸಾಕು. ಕೈ ಜಾರಿ ಬಿದ್ದರೆ ಈ ಲೋಹ ಬಗ್ಗುವುದಿಲ್ಲ, ಒಡೆಯುತ್ತದೆ.

ಸುರಪುರ_ಬೆಟ್ಟ
ಗ್ಲೂ ಗನ್‌ಲೆ ಹೂವು, ಮಣಿ ಹಚ್ಚಿದ ಸಾಮಾನು ಕೊಡೋರು ಕೇಳ್ರಿ. ಬ್ಯಾಸಿಗಿದಾಗ ತಗಡಿನ ಮಳಿಗಿ ಒಳಗ, ಕಾರಿನ ಡಿಕ್ಕಿದಾಗ ಆ ಗೋಂದು ಮೆತ್ತಗಾಗಿ ಮಣಿ ಕೆಳಗ ಜಾರ್ತಾವ. ಹೊಲೀಲಕ್ಕ ಬರೂದಿದ್ರ ಹೊಲೀರಿ. ಬರದಿದ್ರ ಬಿಳಿ ಗೋಂದು ಹಚ್ಚಿ ಒಂದು ದಿನ ಒಣಗಬಿಡ್ರಿ.

ಆಳಂದ_ಸೂಜಿದಾರ
ಎಲ್ಲಾರಿಗೂ ಭಾಳ ಉಪಕಾರ ಆಯ್ತು. ಸಂಘಟಕರು "ದಡಿ ಕೈಲೆ ಇರ್ಬೇಕು" ಅಂತ ಬರದು ಕಳ್ಸ್ಯಾರ. ದಡಿ ಬಿಚ್ಚೂದು, ನಡುವಿನ ಐದು ಸುತ್ತು ಬಿಚ್ಚೂದು ಖರೆ ಆಯ್ತು. ಹಾಸಿನ ಅಲೆ ಸಣ್ಣದದ, ಪಿನ್ನು ಹೊಡ್ದು ನೋಡ್ತೀವಿ. ಕೌದಿ ನೇತುಹಾಕ್ಲಕ್ಕ ಏನ್ ಕಟ್ಬೇಕು? ಆಳಂದದಿಂದ ಬಸ್‌ದಾಗ ತರ್ಬೇಕು.

ಕೌದಿಯಕ್ಕ
ಹಿಂದ ಮ್ಯಾಲಿನ ಅಂಚಿಗಿ ನಾಡಿ ಗೂಡು ಹೊಲೀರಿ, ಲಂಗಕ್ಕ ನಾಡಿ ಹಾಕ್ತೀವಲ್ಲ ಹಂಗ, ಆದ್ರ ಅಗಲ. 34 ಇಂಚು ಉದ್ದ, 4 ಇಂಚು ಅಗಲದ ಪಟ್ಟಿ, ಎರಡೂ ಕಡಿ ಒಂದೊಂದು ಇಂಚು ಬಿಟ್ಟು. ಕೆಳಗಿನ ಪದರ ಅಷ್ಟೇ ಹಿಡದು ಹೊಲೀರಿ, ಟಾಕಿ ಮುಂದ ಬರಬಾರದು. ಪಟ್ಟಿ ಒಂದೀಟು ಸಡಲ ಇರ್ಲಿ, ಕೋಲಿನ ದಪ್ಪ ಅದರಾಗ ಕೂಡ್ತದ. ಬಿಗಿ ಇದ್ರ ಮುಂದ ಉಬ್ಬಿ ಕಾಣ್ತದ. ಮುಕ್ಕಾಲು ಇಂಚಿನ ಪಿವಿಸಿ ಪೈಪು 38 ಇಂಚು ಕತ್ತರಿಸಿ ನೀವೇ ಒಯ್ರಿ. ಅಲ್ಲಿಯವ್ರು ಮೊಳಿ ಹೊಡೀತೀವಿ, ಪಿನ್ನು ಚುಚ್ಚ್ತೀವಿ ಅಂದ್ರ ಬ್ಯಾಡ ಅನ್ರಿ. ಐದು ಪದರದ ಭಾರ ನಾಕು ಪಿನ್ನಿನ ಮ್ಯಾಲ ಬಿದ್ರ ಹಳೇ ಸೀರಿ ಸೀಳ್ತದ.

ಬಸ್‌ದಾಗ ಮಡಚಿ ತರಬ್ಯಾಡ್ರಿ. 3 ಇಂಚಿನ ಪೈಪಿಗಿ ಹಳೇ ಬಿಳಿ ಬಟ್ಟಿ ಸುತ್ತಿ ಅದರ ಮ್ಯಾಲ ಕೌದಿ ಸುತ್ರಿ, ಮುಂದಿನ ಮೈ ಹೊರಗ ಬರೂಹಂಗ. ಒಳಗ ಇಟ್ರ ನೆರಿಗಿ ಮುಂದಿನ ಕಡಿನೇ ಬೀಳ್ತಾವ. ಮ್ಯಾಲ ಚಾದರ, ಅದರ ಮ್ಯಾಲ ಪ್ಲಾಸ್ಟಿಕ್, ನಮ್ಮ ಕರಿಮಣ್ಣಿನ ದೂಳು ಚಾದರದಾಗೂ ನುಸುಳ್ತದ. ಡಾಂಬರ ಗುಳಿಗಿ ಹಾಕಬ್ಯಾಡ್ರಿ, ಆ ವಾಸನಿಗಿ ಹತ್ರ ಬಂದವ್ರು ದೂರ ಸರೀತಾರ.

ಅರ್ಜಿ_ಕಾಕಾ
ಗುರುತಿನ ಚೀಟಿ ಹೀಗೆ ಬರೆಯಿರಿ, ಇದಕ್ಕಿಂತ ಹೆಚ್ಚು ಬೇಡ:

ವಸ್ತು: ಕೌದಿ (ಹಾಸಿಗೆ). ಅಳತೆ: 36 × 72 ಇಂಚು. ಬಟ್ಟೆ: ಬಳಸಿದ ಹತ್ತಿ ಸೀರೆ, 5 ಪದರ. ದಾರ: ಹತ್ತಿ. ಕೆಲಸ: ಕೈ ಹೊಲಿಗೆ, ದಡಿ ಸಹಿತ. ಮುಗಿಸಿದ ತಿಂಗಳು: ... ಮಾರಾಟಕ್ಕಿಲ್ಲ.

ಹೆಸರು ಅರ್ಜಿಯಲ್ಲಿ ಮಾತ್ರ. ಹೆಸರು ಕಾಣದಂತೆ ತೀರ್ಪು ಕೊಡುವ ಕಡೆ ಕೌದಿಯ ಮೂಲೆಯಲ್ಲಿ ಹೆಸರು ಕಸೂತಿ ಮಾಡಿದ್ದರೆ ಅದರ ಮೇಲೆ ಬಟ್ಟೆಯ ತುಂಡು ಕಚ್ಚಾ ಹೊಲಿದು ಮುಚ್ಚಿ. ಚೀಟಿಯನ್ನು ದಾರದಿಂದ ಕಟ್ಟಿ, ಅಂಟಿಸಬೇಡಿ.

ಒಪ್ಪಿಸುವಾಗ ಮುಂದೆ, ಹಿಂದೆ, ನಾಲ್ಕೂ ಮೂಲೆಯ ಫೋಟೋ ಅಲ್ಲೇ ಮೇಜಿನ ಮೇಲೆ ತೆಗೆಯಿರಿ. ರಸೀದಿಯಲ್ಲಿ ಬರೀ "ಕೌದಿ 1" ಎಂದಿದ್ದರೆ ಒಪ್ಪಬೇಡಿ. ಅಳತೆ, ಬಣ್ಣ, "ಸುಸ್ಥಿತಿಯಲ್ಲಿದೆ" ಎಂಬ ಮಾತು, ವಾಪಸ್ ಕೊಡುವ ದಿನ, ಸಹಿ ಬೇಕು. ಪೈಪನ್ನೂ ರಸೀದಿಯಲ್ಲಿ ಬರೆಸಿ. ಕೌದಿ ವಾಪಸ್ ಬರುತ್ತದೆ, ಪೈಪು ಯಾರದೋ ಪೆಂಡಾಲಿನ ಕೋಲಾಗಿರುತ್ತದೆ.